ಮೂರನೇ ನಂಬರ್ ಪಾಸಿನವರು

ನನಗೊಂದು ಚಾಳಿ ಇದೆ. ಏನನ್ನೇ ಬರೆಯುವುದಿದ್ದರೂ ಮೊದಲು ಅದನ್ನು ಬಾಯಲ್ಲಿ ಹೇಳಿಕೊಳ್ಳುತ್ತೇನೆ. ಮೊನ್ನೆ ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಪ್ರಶ್ನೆಪತ್ರಿಕೆಯನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದೇನೆ ಎಂದುಕೊಂಡಿದ್ದೆ. ಅದು ಬಾಯಲ್ಲೇ ನಡೆದಿತ್ತು ಎಂಬುದು ಪಕ್ಕದ ಹೆಂಗಸು ಎದ್ದು ಕಂಡಕ್ಟರನ ಹತ್ತಿರ ಬೇರೆ ಸೀಟು ಕೇಳಿದಾಗಲೇ ಗೊತ್ತಾದದ್ದು. ಅವರ ತಪ್ಪೇನಿಲ್ಲ. ಪಕ್ಕದಲ್ಲಿ ಕೂತವಳು ಕಿಟಕಿಯ ಸರಳಿಗೆ 'ಯಾರ್‍ಯಾರ ಊರು ಯಾವುದು, ಎಲ್ಲ ತೋರಿಸು' ಎಂದು ಹೇಳುತ್ತಿದ್ದರೆ ಯಾರಿಗಾದರೂ ಹೆದರಿಕೆಯಾಗುತ್ತದೆ.

ಈ ಚಾಳಿಯ ಮೂಲ ನಮ್ಮ ಅಜ್ಜಿ. ಹುಮನಾಬಾದಿನಲ್ಲಿ ನಮ್ಮ ಮನೆಯಿಂದ ಕಾಳಿನ ಬಜಾರು ಸ್ವಲ್ಪವೇ ದೂರ. ಏನಾದರೂ ತರಲು ನನ್ನನ್ನು ಕಳಿಸುವಾಗ ಅಜ್ಜಿ ಹೊಸ್ತಿಲಲ್ಲಿ ನಿಲ್ಲಿಸಿಕೊಂಡು ತರಬೇಕಾದದ್ದನ್ನೆಲ್ಲ ನನ್ನ ಬಾಯಿಂದಲೇ ಹೇಳಿಸುತ್ತಿದ್ದಳು. ತೊಗರಿಬೇಳೆ, ಜೀರಿಗೆ, ಬೆಲ್ಲ, ಬರುವಾಗ ಗಿರಣಿಯಿಂದ ಹಿಟ್ಟು. ಒಂದು ತಪ್ಪಿದರೂ ಮತ್ತೆ ಮೊದಲಿನಿಂದ. 'ಬಾಯಿಗಿ ಬಂದಿದ್ದು ಕೈಗಿ ಬರ್ತದ' ಎನ್ನುವುದು ಅವಳ ಮಾತು. ನಾನು ದಾರಿಯುದ್ದಕ್ಕೂ ಗೊಣಗುತ್ತ ಹೋಗುತ್ತಿದ್ದೆ. ಎದುರಿಗೆ ನಾಯಿ ಬಂದರೆ ಮಾತ್ರ ಜೀರಿಗೆ ಹೋಗಿ ಸಾಸಿವೆ ಆಗುತ್ತಿತ್ತು.

ಮುಂದೆ ನಾನು ಬಸವಕಲ್ಯಾಣದ ಒಂದು ಡಿಗ್ರಿ ಕಾಲೇಜಿನಲ್ಲಿ ಡೇಟಾಬೇಸ್ ಕಲಿಸುವವಳಾದೆ. ನಮ್ಮ ಓಣಿಯವರಿಗೆ ಇದು ಏನೆಂದು ಇವತ್ತಿಗೂ ಗೊತ್ತಿಲ್ಲ. ಕಂಪ್ಯೂಟರ್ ಟೀಚರ್ ಎಂದು ತಿಳಿದು ಕೆಟ್ಟುಹೋದ ಮೊಬೈಲುಗಳನ್ನು ತಂದುಕೊಡುತ್ತಾರೆ. ಒಬ್ಬರಂತೂ ಮಿಕ್ಸರ್ ತಂದಿದ್ದರು. ಇಷ್ಟಕ್ಕೂ ನಾನು ಕಲಿಸುವುದು ಬಹಳ ಸಾದಾ ವಿಷಯ. ಕಂಪ್ಯೂಟರಿನ ಹೊಟ್ಟೆಯಲ್ಲಿ ಸಾಲುಸಾಲಾಗಿ ಮಾಹಿತಿ ಇರುತ್ತದೆ. ಅದಕ್ಕೆ ಟೇಬಲ್ ಎನ್ನುತ್ತಾರೆ. ಬೇಕಾದದ್ದನ್ನು ಅದರಿಂದ ಕೇಳಿ ತೆಗೆಯಬೇಕು. ಆ ಕೇಳಿಕೆಗೆ ಕ್ವೆರಿ ಎನ್ನುತ್ತಾರೆ. ಏನು ಬೇಕು, ಯಾವ ಟೇಬಲಿನಿಂದ ಬೇಕು, ಯಾರದು ಬೇಕು. ಸೆಲೆಕ್ಟ್, ಫ್ರಮ್, ವೇರ್. ಇಷ್ಟೇ.

ಇಷ್ಟೇ ಎನ್ನುತ್ತೇನೆ, ಆದರೆ ಸೀದಾ ಕೇಳುವುದೆಂದರೆ ನಮ್ಮ ಭಾಗದವರಿಗೆ ಆಗಿಬರುವುದಿಲ್ಲ. ನಮ್ಮ ಮನೆಗೆ ಹೆಪ್ಪಿಗೆ ಒಂದು ಚಮಚ ಮೊಸರು ಕೇಳಲು ಬಂದವರು ಮೊದಲು ನನ್ನ ಸೊಂಟನೋವು ವಿಚಾರಿಸಿ, ಅತ್ತೆಯವರ ಕಣ್ಣಿನ ಬಗ್ಗೆ ಮಾತಾಡಿ, ಎದ್ದು ಹೋಗುವಾಗ ಚಪ್ಪಲಿ ಮೆಟ್ಟಿಕೊಂಡು 'ಹಾಂ, ಅಂದಂಗ' ಎಂದು ಮೊಸರಿನ ವಿಷಯ ತೆಗೆಯುತ್ತಾರೆ. ಅಂಥ ಮನೆಗಳಿಂದ ಬಂದ ಹುಡುಗಿಯರು ಕಂಪ್ಯೂಟರಿಗೆ ನೆಟ್ಟಗೆ ಕೇಳು ಎಂದರೆ ಹೇಗೆ ಕೇಳಿಯಾರು? ಒಬ್ಬಳು ಉತ್ತರಪತ್ರಿಕೆಯಲ್ಲಿ ಕ್ವೆರಿಯ ಕೊನೆಗೆ 'ಪ್ಲೀಸ್' ಎಂದು ಬರೆದಿದ್ದಳು. ಇನ್ನು ಕೆಲವರು ಏನು ಕೇಳಿದರೂ ಟೇಬಲ್ಲನ್ನೆಲ್ಲ ತೋರಿಸುವ ಕ್ವೆರಿ ಬರೆದುಬಿಡುತ್ತಾರೆ. ಎಲ್ಲಾ ಸುರೀರಿ, ನಾವೇ ಆರಿಸ್ಕೋತೀವಿ ಎಂಬ ಧಾಟಿ. ಸಂತೆಯಲ್ಲಿ ಬದನೆಕಾಯಿಯ ಬುಟ್ಟಿಯನ್ನೇ ಬೋರಲು ಹಾಕಿ ಹುಳುಕಿಲ್ಲದ್ದನ್ನು ಹುಡುಕುವ ಜಾತಿ. ನಾನೂ ಅದೇ ಜಾತಿಯವಳಾದ್ದರಿಂದ ಒಂದು ಅಂಕ ಕಡಿಯಬೇಕಾದಲ್ಲಿ ಅರ್ಧವೇ ಕಡಿಯುತ್ತೇನೆ.

ಕೊನೆಗೆ ನಾನು ಅಜ್ಜಿಯ ಔಷಧವನ್ನೇ ತರಗತಿಗೆ ತಂದೆ. ಕ್ವೆರಿಯನ್ನು ಮೊದಲು ಬಾಯಿಬಿಟ್ಟು ಹೇಳಬೇಕು, ಕನ್ನಡದಲ್ಲೇ ಹೇಳಿದರೂ ನಡೆಯುತ್ತದೆ. ಹೇಳಿದ ಮೇಲೆಯೇ ಕೀಲಿಗಳನ್ನು ಮುಟ್ಟಬೇಕು. ಫಲ ಸಿಕ್ಕಿತು. ಹುಡುಗಿಯರ ತಪ್ಪುಗಳು ಕಡಿಮೆಯಾದವು, ಲ್ಯಾಬಿನ ಗದ್ದಲ ಮಾತ್ರ ಹೆಚ್ಚಿತು. ಪಕ್ಕದ ಕೋಣೆಯಲ್ಲಿ ಇತಿಹಾಸ ಕಲಿಸುವವರು ಎರಡು ಸಲ ಬಂದು ಬಾಗಿಲು ಹಾಕಿಕೊಂಡು ಹೋದರು.

ಪುಸ್ತಕದ ಉದಾಹರಣೆಗಳೂ ನನಗೆ ಹಿಡಿಸುತ್ತಿರಲಿಲ್ಲ. ಅಲ್ಲಿ ಯಾವನೋ ಜಾನ್ ಇರುತ್ತಾನೆ, ಅವನ ಸಂಬಳ ಎಷ್ಟು ಎಂದು ನಾವು ಕೇಳಬೇಕು. ನಮಗ್ಯಾಕೆ ಬೇಕು ಅವನ ಉಸಾಬರಿ? ದಿನಾ ಬಸ್ಸಿನಲ್ಲಿ ಓಡಾಡುವ ನಾನು ಬಸ್ ಪಾಸಿನ ಒಂದು ಟೇಬಲ್ ಕಟ್ಟಿದೆ. ಪಾಸ್ ನಂಬರ್, ಹೆಸರು, ಊರು. ಒಂದನೇ ನಂಬರ್ ಮಹಾದೇವಿ, ಎರಡನೇ ನಂಬರ್ ಶರಣಪ್ಪ, ಮೂರನೇ ನಂಬರ್ ಕೊಹಿನೂರಿನ ಬಸವರಾಜ, ಹೀಗೆ. ಅದರಲ್ಲಿ ಬಸವರಾಜ ಎಂಬ ಹೆಸರನ್ನು ಬೇಕೆಂದೇ ಮೂರು ಕಡೆ ಹಾಕಿದ್ದೆ: ಕೊಹಿನೂರಿನವನೊಬ್ಬ, ಹುಮನಾಬಾದಿನವನೊಬ್ಬ, ದುಬಲಗುಂಡಿಯವನೊಬ್ಬ. ಬಸವಕಲ್ಯಾಣದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಬಸವರಾಜ ಎಂದು ಕೂಗಿದರೆ ಅರ್ಧ ಗಂಡಸರು ತಿರುಗಿ ನೋಡುತ್ತಾರೆ, ಇನ್ನರ್ಧ ಜನ ತಮ್ಮ ಅಣ್ಣನನ್ನು ಹುಡುಕುತ್ತಾರೆ. ಹೆಸರು ನಂಬಿದರೆ ಕೆಟ್ಟಿರಿ, ನಂಬರು ನಂಬಿರಿ ಎಂದು ಕಲಿಸುವುದಕ್ಕೆ ಅದಕ್ಕಿಂತ ಒಳ್ಳೆಯ ಹೆಸರು ನನಗೆ ಹೊಳೆಯಲಿಲ್ಲ. ಆಗ ಅಂಬಿಕಾಳ ಮದುವೆಯ ಮಾತೇ ಎದ್ದಿರಲಿಲ್ಲ.

ಅಂಬಿಕಾ ದುಬಲಗುಂಡಿಯ ಹುಡುಗಿ. ಹೊಲದ ಕೂಲಿಯಲ್ಲೇ ಮನೆ ನಡೆಸುವ ತಂದೆತಾಯಿಗಳ ದೊಡ್ಡ ಮಗಳು. ಎರಡು ಬಸ್ ಬದಲಿಸಿ ಬಂದರೂ ಮೊದಲ ಬೆಂಚಿನಲ್ಲಿರುತ್ತಿದ್ದಳು. ಕೊನೆಯ ವರ್ಷಕ್ಕೆ ಬಂದಾಗ ಕೊಹಿನೂರಿನ ಒಂದು ಮನೆಗೆ ಮದುವೆ ಮಾಡಿಕೊಟ್ಟರು. ಹುಡುಗ ಹುಮನಾಬಾದಿನ ಕಾರ್ಖಾನೆ ಪ್ರದೇಶದಲ್ಲಿ ಔಷಧಿ ತಯಾರಿಸುವ ಕಡೆ ಕೆಲಸಕ್ಕಿದ್ದ. ಹೆಸರು ಬಸವರಾಜ. ಮತ್ತೇನಿದ್ದೀತು?

ಆ ಮದುವೆಗೆ ನಾನೂ ಹೋಗಿದ್ದೆ. ಊಟ ಚೆನ್ನಾಗಿತ್ತು ಎಂಬುದರ ಜೊತೆಗೆ ಇನ್ನೊಂದು ನನಗೆ ನೆನಪಿದೆ. ಮದುಮಗಳು ಗಂಡನ ಮನೆಯ ಹೊಸ್ತಿಲು ದಾಟುವಾಗ ನಾದಿನಿಯರು ಬಾಗಿಲಿಗೆ ಅಡ್ಡ ನಿಂತು 'ಹೆಸರು ಹೇಳು, ಒಳಗ ಬಾ' ಎನ್ನುತ್ತಾರಲ್ಲ, ಆ ಶಾಸ್ತ್ರ. ಮಾಮೂಲು ದಿನಗಳಲ್ಲಿ ಹೆಂಡತಿ ಗಂಡನ ಹೆಸರು ಎತ್ತಬಾರದು. ಒಡಪಿನೊಳಗೆ, ಅಂದರೆ ಪ್ರಾಸ ಕಟ್ಟಿದ ಎರಡು ಸಾಲಿನೊಳಗೆ ಇಟ್ಟು ಹೇಳಿದರೆ ದೋಷವಿಲ್ಲ. ಗಂಡ ಮಾತ್ರ ಹೆಂಡತಿಯ ಹೆಸರನ್ನು ಯಾವ ಪ್ರಾಸವೂ ಇಲ್ಲದೆ ಬೀದಿ ತುದಿಯಿಂದಲೇ ಕೂಗಬಹುದು. ಆ ದಿನ ಅಂಬಿಕಾಳ ಬಾಯಿಂದ ಒಡಪು ಬರಲೇ ಇಲ್ಲ. ಅವಳು ತಲೆ ತಗ್ಗಿಸಿ ನಿಂತೇ ನಿಂತಳು. ಅಷ್ಟರಲ್ಲಿ ಯಾರೋ ಹಿರಿಯರು ಹೊತ್ತು ಮೀರುತ್ತದೆ ಎಂದು ಗದರಿದ್ದರಿಂದ ನಾದಿನಿಯರು ಬಾಗಿಲು ಬಿಟ್ಟರು. ಒಡಪು ಬಾಕಿ ಉಳಿಯಿತು.

ನಮ್ಮ ಅಜ್ಜಿ ಹಾಗಲ್ಲ. ಅವಳ ಗಂಡನ, ಎಂದರೆ ನಮ್ಮಜ್ಜನ ಹೆಸರು ಹಣಮಂತ. ಅಜ್ಜಿ ಜೀವಮಾನದಲ್ಲಿ ಹಣಮಂತ ದೇವರ ಹೆಸರನ್ನೂ ಎತ್ತಲಿಲ್ಲ. 'ಅಗಸಿ ದೇವರು' ಎನ್ನುತ್ತಿದ್ದಳು, ಗುಡಿ ಊರ ಹೆಬ್ಬಾಗಿಲಾದ ಅಗಸಿಯಲ್ಲಿ ಇದ್ದುದರಿಂದ. ಸರ್ಕಾರಿ ದವಾಖಾನೆಯಲ್ಲಿ ಗಂಡನ ಹೆಸರೇನು ಎಂದು ಕೇಳಿದರೆ 'ಅಗಸಿ ದೇವರ ಹೆಸರ್ರಿ' ಎನ್ನುವಳು. ಬೇರೆ ಊರಿನಿಂದ ಬಂದ ಗುಮಾಸ್ತನಿಗೆ ನಮ್ಮ ಅಗಸಿಯಲ್ಲಿ ಯಾವ ದೇವರಿದೆಯೋ ಹೇಗೆ ಗೊತ್ತಾಗಬೇಕು? ಆಗ ಅಜ್ಜಿ ನನ್ನ ಬೆನ್ನಿಗೆ ತಿವಿಯುವಳು. ಹೆಸರು ಹೇಳುವ ಕೆಲಸ ನನ್ನದು. ನಾನು ಸುಮ್ಮನೆ ಹೇಳುತ್ತಿರಲಿಲ್ಲ. ಪೆಪ್ಪರಮೆಂಟಿಗೆ ಒಪ್ಪಂದವಾಗುವ ತನಕ ಮೂಕಿಯ ಹಾಗೆ ನಿಲ್ಲುತ್ತಿದ್ದೆ. ಹಿಂದೆ ನಿಂತ ರೋಗಿಗಳು ನರಳುತ್ತಿದ್ದರು.

ಆದರೆ ಒಡಪು ಹಾಕಲು ಕೂತರೆ ಅಜ್ಜಿಯ ಮುಂದೆ ಯಾರೂ ಇಲ್ಲ. ಒಮ್ಮೆ ಯಾರದೋ ಕುಬಸದ, ಎಂದರೆ ಸೀಮಂತದ, ಕಾರ್ಯದಲ್ಲಿ ಹೆಂಗಸರೆಲ್ಲ ಅವಳನ್ನು ಸುತ್ತುವರಿದರು. ಅಜ್ಜ ಹೊರಗೆ ಕಟ್ಟೆಯ ಮೇಲೆ ಕೂತಿದ್ದ. ಅಜ್ಜಿ ಸೆರಗು ಸರಿಮಾಡಿಕೊಂಡು, ಅವನಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

'ಬಿಸಿ ರೊಟ್ಟಿಗಿ ಪುಂಡಿಪಲ್ಯಾ, ಮ್ಯಾಲ ಬೆಣ್ಣಿ ಮುದ್ದಿ,
ಹಣಮಂತರಾಯರ ಹೆಸರ ಹೇಳತೀನಿ, ಅವರಿಗಿಲ್ಲ ಬುದ್ಧಿ.'

ಅಜ್ಜ ಕಟ್ಟೆಯಿಂದ ಎದ್ದು ಬಜಾರಿಗೆ ಹೋದವನು ಊಟದ ಹೊತ್ತಿಗೇ ಬಂದದ್ದು. ಒಡಪಿನೊಳಗೆ ಹೇಳಿದ್ದಕ್ಕೆ ಯಾರೂ ಸಿಟ್ಟಾಗುವಂತಿಲ್ಲ, ಅದೇ ಅದರ ಕಾನೂನು.

ನಾನೇನೋ ಕಲಿತವಳು. ಗಂಡನನ್ನು ಹೆಸರು ಹಿಡಿದೇ ಕರೆಯುತ್ತೇನೆ ಎಂದು ಸಹೋದ್ಯೋಗಿಗಳ ಮುಂದೆ ಕೊಚ್ಚಿಕೊಳ್ಳುತ್ತೇನೆ. ಅತ್ತೆಯವರು ಮನೆಯಲ್ಲಿರುವ ತಿಂಗಳುಗಳಲ್ಲಿ ಮಾತ್ರ ಅದೇ ಗಂಡ 'ಇಲ್ಲಿ ಕೇಳ್ರಿ' ಆಗುತ್ತಾರೆ. ಅತ್ತೆಯವರು ವರ್ಷದಲ್ಲಿ ಬಹುಪಾಲು ನಮ್ಮ ಮನೆಯಲ್ಲೇ ಇರುತ್ತಾರೆ ಎಂಬುದನ್ನು ಸಹೋದ್ಯೋಗಿಗಳಿಗೆ ಹೇಳಿಲ್ಲ.

ಇಷ್ಟು ಹೇಳಿದ್ದು ಪ್ರಾಕ್ಟಿಕಲ್ ಪರೀಕ್ಷೆಯ ದಿನದ ಸಂಗತಿಗೆ ಬರುವುದಕ್ಕೆ. ಮೊಸರಿನ ಮಾತಿಗೆ ಬರಲು ನಾನೂ ಸೊಂಟನೋವಿನಿಂದಲೇ ಶುರುಮಾಡಬೇಕಾಯಿತು ನೋಡಿ.

ಅಂಬಿಕಾಳಿಗೆ ಆ ಪರೀಕ್ಷೆ ಎಲ್ಲರಿಗಿಂತ ದೊಡ್ಡದಾಗಿತ್ತು. ಮದುವೆಯ ಮಾತುಕತೆಯಲ್ಲಿ ಮಾವ ಅವಳ ಓದಿಗೆ ಒಪ್ಪಿದ್ದು ಈ ಬೇಸಿಗೆಯ ತನಕ ಮಾತ್ರ. ಗಂಡ ಕೆಲಸ ಮಾಡುವ ಕಡೆಯೇ ಉಗ್ರಾಣದ ಕಂಪ್ಯೂಟರ್ ನೋಡಿಕೊಳ್ಳಲು ಡಿಗ್ರಿಯಾದವರೊಬ್ಬರು ಬೇಕಾಗಿದ್ದರು. ಪಾಸಾದರೆ ಇಬ್ಬರೂ ಒಂದೇ ಗಾಡಿಯಲ್ಲಿ ಕೆಲಸಕ್ಕೆ ಹೋಗುವುದೆಂದು ಗಂಡಹೆಂಡತಿ ನಿಶ್ಚಯಿಸಿಕೊಂಡಿದ್ದರು. ಈ ಪ್ರಾಕ್ಟಿಕಲ್ ಹೋಯಿತೆಂದರೆ ಮುಂದಿನ ವರ್ಷ ಮತ್ತೆ ಬರೆಯಬೇಕು, ಆದರೆ ಅವಳ ಪಾಲಿಗೆ ಮುಂದಿನ ವರ್ಷ ಎಂಬುದು ಇರಲಿಲ್ಲ. ಅತ್ತೆ ಆಗಲೇ ಅವಳ ಪುಸ್ತಕಗಳನ್ನು ಯಾರಿಗೆ ಕೊಡುವುದೆಂದು ವಿಚಾರಿಸಲು ಶುರುಮಾಡಿದ್ದರಂತೆ. ಇದನ್ನೆಲ್ಲ ಅವಳು ಹಿಂದಿನ ದಿನ ನನ್ನ ಹತ್ತಿರ ನಗುತ್ತಲೇ ಹೇಳಿದ್ದಳು. ನನಗೆ ನಗು ಬರಲಿಲ್ಲ.

ಹೊರಗಿನ ಕಾಲೇಜಿನಿಂದ ಪರೀಕ್ಷಕರಾಗಿ ಬಂದವರು ಸುಮಂಗಲಾ ಮೇಡಂ. ನನಗಿಂತ ಹಿರಿಯರು. ಇಸ್ತ್ರಿ ಮುರಿಯದ ಸೀರೆ, ಮೂಗಿನ ತುದಿಗೆ ಕನ್ನಡಕ. ಕ್ವೆರಿಯಲ್ಲಿ ಹೆಸರಿನ ಸುತ್ತ ಹಾಕುವ ಒಂದು ಉದ್ಧರಣ ಚಿಹ್ನೆ ಬಿಟ್ಟರೂ ಸೊನ್ನೆ ಹಾಕುತ್ತಾರೆ ಎಂಬ ಖ್ಯಾತಿ ಅವರಿಗಿಂತ ಮೊದಲೇ ನಮ್ಮ ಕಾಲೇಜಿಗೆ ಬಂದು ಮುಟ್ಟಿತ್ತು. ಬಂದವರೇ ನಾನು ಸ್ಟೀಲ್ ಡಬ್ಬಿಯಲ್ಲಿ ಹಾಕಿಟ್ಟಿದ್ದ ಪ್ರಶ್ನೆಯ ಚೀಟಿಗಳನ್ನು ಒಂದೊಂದಾಗಿ ಬಿಡಿಸಿ ಓದಿದರು. ವಿದ್ಯಾರ್ಥಿನಿ ಚೀಟಿ ಎತ್ತಬೇಕು, ಪರೀಕ್ಷಕರು ಅದನ್ನು ಗಟ್ಟಿಯಾಗಿ ಓದಿ ಹೇಳಬೇಕು, ಇದು ನಮ್ಮ ಕ್ರಮ. ಶರಣಪ್ಪನ ಊರು ತೋರಿಸು ಎಂಬ ಚೀಟಿ ಬಂದಾಗ ಅದು ಬಹಳ ಸರಳವಾಯಿತು, ಬೇಡ ಎಂದು ತೆಗೆದು ಪರ್ಸಿನ ಕೆಳಗೆ ಇಟ್ಟರು. ಬಸವರಾಜ ಎಂಬ ಹೆಸರಿನವರೆಲ್ಲರ ಊರು ತೋರಿಸಿ ಎಂಬ ಚೀಟಿಯನ್ನು ಮಡಚಿ ವಾಪಸ್ ಡಬ್ಬಿಗೆ ಹಾಕಿದರು. ಎರಡೂ ಒಂದೇ ತೂಕದ ಪ್ರಶ್ನೆ, ಒಂದು ಸರಳ ಇನ್ನೊಂದು ಕಠಿಣ ಹೇಗಾದೀತು ಎಂದು ನನಗೆ ಅನಿಸಿತು. ದೊಡ್ಡವರನ್ನು ಕೇಳುವುದು ಹೇಗೆ ಎಂದು ಡಬ್ಬಿಯ ಮುಚ್ಚಳ ಹಾಕಿದೆ.

ಪರೀಕ್ಷೆ ಶುರುವಾಯಿತು. ಹುಡುಗಿಯರೆಲ್ಲ ನಾನು ಕಲಿಸಿದ ಹಾಗೆ ಬಾಯಲ್ಲಿ ಹೇಳಿಕೊಳ್ಳತೊಡಗಿದರು. ಸುಮಂಗಲಾ ಮೇಡಂ ಕನ್ನಡಕದ ಮೇಲಿನಿಂದ ನೋಡಿ, ಇದೇನು ಭಜನೆ ಎಂದು ಕೇಳಿದರು. ನಾನು ಅಜ್ಜಿಯ ಸಿದ್ಧಾಂತವನ್ನು ವಿವರಿಸಿದೆ, ಅದು ಅಜ್ಜಿಯದೆಂದು ಮಾತ್ರ ಹೇಳಲಿಲ್ಲ. ಹಾಗಿದ್ದರೆ ಒಳ್ಳೆಯದೇ ಆಯಿತು, ಪ್ರತಿಯೊಬ್ಬಳೂ ತನ್ನ ಕ್ವೆರಿಯನ್ನು ನನ್ನೆದುರು ಬಾಯಿಬಿಟ್ಟು ಹೇಳಲಿ, ಕದ್ದು ಬರೆದವರು ಅಲ್ಲೇ ಸಿಕ್ಕಿಬೀಳುತ್ತಾರೆ ಎಂದರು.

ಅಂಬಿಕಾಳ ಸರದಿ ಬಂತು. ಡಬ್ಬಿಗೆ ಕೈಹಾಕಿದಳು. ಮೇಡಂ ಚೀಟಿ ಬಿಡಿಸಿ ಓದಿದರು: ಬಸವರಾಜ ಎಂಬ ಹೆಸರಿನವರೆಲ್ಲರ ಊರು ತೋರಿಸಿ. ನನಗೆ ಆ ಕ್ಷಣಕ್ಕೆ ಕೊಹಿನೂರಿನ ಬಾಗಿಲು, ಅಡ್ಡ ನಿಂತ ನಾದಿನಿಯರು, ಬಾಕಿ ಉಳಿದ ಒಡಪು ಎಲ್ಲ ನೆನಪಾದವು. ಇಡೀ ಡಬ್ಬಿಯಲ್ಲಿ ಎಲ್ಲಕ್ಕಿಂತ ಸುಲಭದ ಪ್ರಶ್ನೆ ಅದು. ಮೊದಲ ತಿಂಗಳೇ ಕಲಿಸಿದ್ದು.

ಅಂಬಿಕಾ ಕಂಪ್ಯೂಟರಿನ ಮುಂದೆ ಕೂತಳು. ಬಾಯಿ ತೆರೆದಳು, ಮುಚ್ಚಿದಳು. ಟೇಬಲ್ಲನ್ನು ತೆರೆದು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತುಟಿ ಅಲ್ಲಾಡಿತು, ಬೆರಳುಗಳೂ ಓಡಿದವು. ಪರದೆಯ ಮೇಲೆ ಮೂರು ಸಾಲು ಬಂದವು: ಕೊಹಿನೂರ, ಹುಮನಾಬಾದ್, ದುಬಲಗುಂಡಿ. ಉತ್ತರ ಸರಿಯಾಗಿತ್ತು. ನಾನು ಉಸಿರು ಬಿಟ್ಟೆ. ಆದರೆ ಮೇಡಂ ಅವಳ ಹಿಂದೆ ಬಂದು ನಿಂತು ಕ್ವೆರಿ ಹೇಳು ಎಂದರು.

"ಮೂರನೇ ನಂಬರ್ ಪಾಸಿನವ್ರ ಹೆಸರು ಏನದನೋ, ಆ ಹೆಸರಿನವ್ರದೆಲ್ಲಾ ಊರು ಕೊಡು," ಅಂದಳು ಅಂಬಿಕಾ.

ತಿಳಿಯದವರಿಗಾಗಿ ಹೇಳುತ್ತೇನೆ. ಇದು ಕ್ವೆರಿಯೊಳಗೆ ಇನ್ನೊಂದು ಕ್ವೆರಿ. ಮೂರನೇ ನಂಬರಿನವನ ಹೆಸರನ್ನು ಕಂಪ್ಯೂಟರ್ ತಾನೇ ಹುಡುಕಿಕೊಳ್ಳಬೇಕು, ಆ ಹೆಸರನ್ನು ಹಿಡಿದುಕೊಂಡು ಮತ್ತೆ ಟೇಬಲ್ಲಿಗೆ ಹೋಗಬೇಕು. ಗಂಡನನ್ನು 'ನಮ್ಮ ಗೀತಾನ ಅಪ್ಪ' ಎಂದು ಸುತ್ತಿ ಬಳಸಿ ಹೇಳುತ್ತಾರಲ್ಲ, ಹಾಗೆ. ಅಂಬಿಕಾಳಿಗೆ ಇನ್ನೂ ಗೀತಾ ಹುಟ್ಟಿರಲಿಲ್ಲ, ಅದಕ್ಕೆ ಪಾಸಿನ ನಂಬರ್ ಹಿಡಿದಿದ್ದಳು.

ಮೇಡಂ ಹುಬ್ಬು ಗಂಟಿಕ್ಕಿದರು. ಇಷ್ಟು ಸುತ್ತು ಯಾಕೆ, ನಾಳೆ ಮೂರನೇ ನಂಬರಿನ ಪಾಸು ಇನ್ನೊಬ್ಬನಿಗೆ ಹೋದರೆ ನಿನ್ನ ಕ್ವೆರಿ ಇನ್ನೊಬ್ಬನ ಊರು ಹೇಳುತ್ತದೆ, ಹೆಸರು ಹಾಕಿ ಸೀದಾ ಬರೆ ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ನಾನಾದರೂ ಅದನ್ನೇ ಹೇಳುತ್ತಿದ್ದೆ. ಅಂಬಿಕಾ ತಲೆ ತಗ್ಗಿಸಿ ಕೂತಳು. ಕೊಹಿನೂರಿನ ಹೊಸ್ತಿಲಲ್ಲಿ ನಿಂತ ಹಾಗೆಯೇ. ಮೇಡಂ ಇನ್ನೊಂದು ಸಲ ಹೇಳಿದರು, ಅವಳು ಕದಲಲಿಲ್ಲ. ದೊಡ್ಡದನ್ನು ಬಾಯಿಪಾಠ ಮಾಡಿದ್ದಾಳೆ, ಸಣ್ಣದು ಬರುವುದಿಲ್ಲ, ಇಂಥವರನ್ನು ಬಹಳ ನೋಡಿದ್ದೇನೆ ಎಂದು ಮೇಡಂ ನನ್ನ ಕಿವಿಯಲ್ಲಿ ಹೇಳಿದರು. ಅಂಕದ ಜಾಗವನ್ನು ಖಾಲಿ ಬಿಟ್ಟು, ಊಟವಾದ ಮೇಲೆ ನೋಡೋಣ ಎಂದು ಎದ್ದರು.

ನಾನು ಹೊರಗೆ ಬಂದು ಅಂಬಿಕಾಳನ್ನು ಹಿಡಿದೆ. ಬಾಯಿಂದ ಹೇಳಬೇಡ, ಕೈಯಿಂದ ಬರೆದುಬಿಡಬಾರದಾಗಿತ್ತೇ ಎಂದೆ.

"ಬಾಯಾಗ ಹೇಳದ ಕೈ ಓಡಂಗಿಲ್ರಿ ಮೇಡಂ," ಎಂದಳು ಅವಳು. "ನೀವೇ ಹಂಗ ಕಲಿಸೀರಿ."

ಅಜ್ಜಿಯ ಔಷಧ ಹೀಗೆ ತಿರುಗಿ ಬಡಿಯುತ್ತದೆಂದು ನಾನೆಣಿಸಿರಲಿಲ್ಲ. ಅವಳ ಕಣ್ಣಲ್ಲಿ ನೀರಿತ್ತು. ಫಿಕರ್ ಮಾಡಬೇಡ ಎಂದು ಹೇಳಿ ಒಳಗೆ ಬಂದೆ, ನನ್ನ ಫಿಕರು ಮಾತ್ರ ಜೊತೆಗೇ ಬಂತು.

ಲ್ಯಾಬಿನ ಮೂಲೆಯಲ್ಲೇ ಇಬ್ಬರೂ ಡಬ್ಬಿ ಬಿಚ್ಚಿದೆವು. ಮೇಡಂ ಜೋಳದ ರೊಟ್ಟಿ, ನೆಂಚಿಕೊಳ್ಳಲು ಶೇಂಗಾಹಿಂಡಿಯ ಚಟ್ನಿಪುಡಿ ತಂದಿದ್ದರು. ನಾನು ನಿಧಾನವಾಗಿ ವಿಷಯ ತೆಗೆದೆ. ಹುಡುಗಿ ಹೊಸದಾಗಿ ಮದುವೆಯಾದವಳು, ಗಂಡನ ಹೆಸರು ಅದೇ, ಬಾಯಿಗೆ ಬರುತ್ತಿಲ್ಲ, ಪಾಸಾಗದಿದ್ದರೆ ಓದು ಇಲ್ಲಿಗೇ ಮುಗಿಯಿತು ಎಂದೆಲ್ಲ ಹೇಳಿದೆ. ಮೇಡಂ ಕೇಳಿಸಿಕೊಂಡರು. ಅಯ್ಯೋ ಪಾಪ ಎಂದು ಅಂಕ ಕೊಡುತ್ತ ಹೋದರೆ ನಾಳೆ ಎಲ್ಲರ ಮನೆಯಲ್ಲೂ ಒಂದು ಪಾಪ ಹುಟ್ಟುತ್ತದೆ ಎಂದರು.

"ಟೇಬಲ್ಲಿಗಿ ಗಂಡ ಯಾರು ಹೆಂಡ್ತಿ ಯಾರು ಗೊತ್ತಿರಂಗಿಲ್ರಿ. ಕೇಳೋದು ಕೇಳಾಕೇ ಬೇಕು," ಎಂದು ಹಿಂಡಿಯ ಡಬ್ಬಿಯನ್ನು ನನ್ನ ಕಡೆ ಸರಿಸಿದರು.

ಇನ್ನು ಉಳಿದದ್ದು ಹಿಂಡಿಯ ಮಾತೊಂದೇ. ನಿಜಕ್ಕೂ ರುಚಿಯಾಗಿತ್ತು. ಯಾರು ಕುಟ್ಟಿದ್ದು ಎಂದು ಕೇಳಿದೆ. ಮೇಡಂ ಮುಖ ಸ್ವಲ್ಪ ಸಡಿಲಾಯಿತು. ತಮ್ಮ ಯಜಮಾನರೇ ಕುಟ್ಟಿದ್ದೆಂದೂ, ಪರೀಕ್ಷೆಗೆ ದೂರ ಹೋಗುವ ದಿನಗಳಲ್ಲಿ ಅವರೇ ಬೇಗ ಎದ್ದು ಡಬ್ಬಿ ಕಟ್ಟುತ್ತಾರೆಂದೂ ಹೇಳಿದರು. ಇಂಥ ಗಂಡಸರೂ ಇದ್ದಾರಲ್ಲ ಎಂದು ನನಗೆ ಖುಷಿಯಾಗಿ, ಯಾವ ಹಂಚಿಕೆಯೂ ಇಲ್ಲದೆ, ಯಜಮಾನರ ಹೆಸರೇನು ಎಂದು ಕೇಳಿಬಿಟ್ಟೆ.

ರೊಟ್ಟಿಯ ತುಂಡು ಅವರ ಕೈಯಲ್ಲೇ ನಿಂತಿತು. ಕಿಟಕಿಯ ಕಡೆ ನೋಡಿದರು. ಬಾಗಿಲ ಕಡೆ ನೋಡಿದರು. ನಾನು ಸಣ್ಣವಳಿದ್ದಾಗ ದವಾಖಾನೆಯಲ್ಲಿ ಅಜ್ಜಿ ನೋಡುತ್ತಿದ್ದುದು ಹೀಗೆಯೇ. ಕೊನೆಗೆ ಪಕ್ಕದ ಕಂಪ್ಯೂಟರಿನಲ್ಲಿ ತೆರೆದೇ ಇದ್ದ ನನ್ನ ಟೇಬಲ್ಲಿನತ್ತ ಗದ್ದ ತಿರುಗಿಸಿದರು.

"ಎರಡನೇ ನಂಬರ್ ಪಾಸ್ ನೋಡ್ರಿ," ಎಂದರು.

ನೋಡಿದೆ. ಶರಣಪ್ಪ. ಬೆಳಿಗ್ಗೆ ಬಹಳ ಸರಳವಾಯಿತೆಂದು ಪರ್ಸಿನ ಕೆಳಗೆ ಸೇರಿದ್ದ ಚೀಟಿಯ ನೆನಪಾಯಿತು. ಗಟ್ಟಿಯಾಗಿ ಓದಬೇಕಾಗುತ್ತದೆಂದೇ ಅವರು ಅದನ್ನು ಬಚ್ಚಿಟ್ಟಿದ್ದರು. ನಗಬಾರದೆಂದು ನಾನು ನೀರು ಕುಡಿದೆ, ನೀರು ಮೂಗಿಗೆ ಹೋಯಿತು. ತಾವು ಏನು ಹೇಳಿದೆವು ಎಂಬುದು ಅಷ್ಟು ಹೊತ್ತಿಗೆ ಮೇಡಂಗೂ ಹೊಳೆದಿತ್ತು. ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು, ಮತ್ತೆ ಒರೆಸಿದರು, ಆಮೇಲೆ ತಡೆಯಲಾರದೆ ನಕ್ಕುಬಿಟ್ಟರು. ನಾನೂ ಧೈರ್ಯ ಮಾಡಿ, ಮೇಡಂ, ಎರಡನೇ ನಂಬರ್ ಪಾಸು ನಾಳೆ ಇನ್ನೊಬ್ಬರಿಗೆ ಹೋದರೆ ಎಂದೆ.

"ಇಷ್ಟು ವರ್ಷ ಹೋಗಿಲ್ರಿ, ಇನ್ನೇನು ಹೋಗ್ತದ," ಎಂದರು ಅವರು.

ನಕ್ಕದ್ದಕ್ಕೆ ಅಂಕ ಕೊಟ್ಟುಬಿಟ್ಟರೆಂದು ನೀವು ತಿಳಿದಿದ್ದರೆ ಸುಮಂಗಲಾ ಮೇಡಂ ನಿಮಗೆ ಗೊತ್ತಾಗಿಲ್ಲ. ಡಬ್ಬಿ ಮುಚ್ಚಿ ಕೈತೊಳೆದು ಬಂದವರೇ ಮತ್ತೆ ಪರೀಕ್ಷಕರಾದರು. ಅವಳು ಬರೆದದ್ದು ಬಾಯಿಪಾಠವಲ್ಲ ಎಂಬುದು ತಮಗೀಗ ತಿಳಿಯಿತು, ಆದರೂ ಸೀದಾ ಕ್ವೆರಿ ಬರುತ್ತದೆಂದು ತೋರಿಸದೆ ಅಂಕವಿಲ್ಲ ಎಂದು ಹೇಳಿ ಅಂಬಿಕಾಳನ್ನು ಕರೆಸಿದರು. ಅವಳ ಹಿಂದೆ ಉಳಿದ ಹುಡುಗಿಯರೂ ಬಂದು ಲ್ಯಾಬಿನ ಬಾಗಿಲಿಗೆ ಅಡ್ಡ ನಿಂತರು. ಥೇಟ್ ನಾದಿನಿಯರ ಹಾಗೆ.

"ಮದುವ್ಯಾಗ ಒಡಪು ಹಾಕಿ ಹೆಸರು ಹೇಳೀಯೇನು?" ಎಂದು ಕೇಳಿದರು ಮೇಡಂ.

"ಇಲ್ರಿ. ಬಾಕಿ ಉಳದದರಿ."

"ಹಂಗಾರ ಇಲ್ಲೇ ಹೇಳು. ಒಡಪಿನಾಗ ಹೇಳಿದ್ರ ದೋಷಿಲ್ಲ. ಆದ್ರ ಕ್ವೆರಿನೂ ಅದರಾಗ ಬರಬೇಕು."

ವಿಶ್ವವಿದ್ಯಾಲಯದ ಯಾವ ನಿಯಮದಲ್ಲೂ ಇಂಥ ಪ್ರಶ್ನೆ ಇಲ್ಲ. ಇರಲಿ ಎಂದೂ ನಾನು ಹೇಳುವುದಿಲ್ಲ. ಅಂಬಿಕಾ ಓಢಣಿಯ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಫ್ಯಾನು ಕಿರುಗುಟ್ಟುತ್ತಿತ್ತು. ಬಾಗಿಲಲ್ಲಿದ್ದ ಹುಡುಗಿಯರು ಯಾರೂ ಕಿಸಕ್ಕೆನ್ನಲಿಲ್ಲ, ಎಲ್ಲರಿಗೂ ಅವಳ ಸಂಗತಿ ಗೊತ್ತಿತ್ತು. ಇದೂ ಬಾಕಿ ಉಳಿಯಿತೇನೋ ಎಂದು ನಾನು ಅಂಕಪಟ್ಟಿಯ ಖಾಲಿ ಜಾಗವನ್ನೇ ನೋಡುತ್ತಿದ್ದೆ. ಆಗ ಅವಳು ಕಂಪ್ಯೂಟರಿನ ಪರದೆಯನ್ನು ನೋಡುತ್ತ, ಸಣ್ಣ ದನಿಯಲ್ಲಾದರೂ ಒಂದಕ್ಷರ ತಡವರಿಸದೆ ಹೇಳಿದಳು:

"ಸೆಲೆಕ್ಟ್ ಊರು ಮೊದಲಿಗೆ, ವೇರ್ ಹೆಸರು ಕೊನಿಗೆ,
ಬಸವರಾಜರ ಹೆಸರ ಹೇಳೀನಿ, ಪಾಸ್ ಮಾಡಿ ಕಳಸ್ರಿ ಮನಿಗೆ."

ಹುಡುಗಿಯರು ಹೋ ಎಂದರು. ಇತಿಹಾಸದವರು ಮೂರನೇ ಸಲ ಬಂದು ಬಾಗಿಲು ಹಾಕಲು ನೋಡಿದರು, ಬಾಗಿಲ ತುಂಬ ಹುಡುಗಿಯರಿದ್ದುದರಿಂದ ಆಗಲಿಲ್ಲ. ಅಂಬಿಕಾ ಕೂತು ಬೆರಳಾಡಿಸಿದಳು. ಬಾಯಿಗೆ ಬಂದದ್ದು ಕೈಗೆ ಬಂತು. ಸೀದಾ ಕ್ವೆರಿ, ಒಂದೇ ಸಾಲಿನದು, ಉದ್ಧರಣ ಚಿಹ್ನೆಗಳ ನಡುವೆ ಗಂಡನ ಹೆಸರು ಇಟ್ಟು. ಅದೇ ಮೂರು ಊರುಗಳು ಬಂದವು. ಸುಮಂಗಲಾ ಮೇಡಂ ಚಿಹ್ನೆಗಳನ್ನು ಕನ್ನಡಕದ ಮೇಲಿನಿಂದ ಒಮ್ಮೆ, ಒಳಗಿನಿಂದ ಒಮ್ಮೆ ನೋಡಿ ಅಂಕ ಬರೆದರು. ಒಂದನ್ನು ಕಡಿದು ಉಳಿದದ್ದನ್ನೆಲ್ಲ ಕೊಟ್ಟಿದ್ದರು. ಆ ಒಂದು ಯಾಕೆ ಹೋಯಿತು ಎಂದು ನಾನು ಕೇಳಿದೆ. ಯಾವ ಟೇಬಲ್ಲಿನಿಂದ ಎಂಬುದನ್ನು ಒಡಪಿನಲ್ಲಿ ಬಿಟ್ಟಿದ್ದಾಳೆ ಎಂದರು.

ಅಂಬಿಕಾ ನನ್ನ ಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟಳು. ಇಷ್ಟು ವರ್ಷ ಎಷ್ಟೋ ಹುಡುಗಿಯರ ಎಷ್ಟೋ ಕ್ವೆರಿಗಳನ್ನು ತಿದ್ದಿದ್ದೇನೆ, ಕೇಳಿ ಕಣ್ಣು ಒದ್ದೆಯಾದದ್ದು ಅದೊಂದೇ.

ಸಂಜೆ ಕಾಲೇಜಿನೆದುರೇ ಮೇಡಂ ಅವರನ್ನು ಬಸ್ ಹತ್ತಿಸಿ ನಾನು ಹುಮನಾಬಾದಿನ ಬಸ್ಸಿಗೆಂದು ಹೊರಟಾಗ ಕಾಲೇಜಿನ ಗೇಟಿನ ಹತ್ತಿರ ಒಂದು ಮೋಟಾರ್ ಸೈಕಲ್ ನಿಂತಿತ್ತು. ಅದರ ಮೇಲೆ ಕೂತಿದ್ದ ಯುವಕ ಕೆಲಸದ ಅಂಗಿಯಲ್ಲೇ ಬಂದಿದ್ದ, ಕಾದು ಕಾದು ಮುಖ ಸಣ್ಣದಾಗಿತ್ತು. ನನ್ನ ಮುಂದೆಯೇ ಅಂಬಿಕಾ ಅವನ ಕಡೆ ಓಡಿದಳು.

"ಹ್ಯಾಂಗಾಯ್ತು? ಏನ್ ಕೇಳಿದ್ರು?" ಎಂದ ಅವನು.

ಅಂಬಿಕಾ ಹಿಂದಿನ ಸೀಟಿಗೆ ಹತ್ತಿ ಕೂತು, ಓಢಣಿ ಚಕ್ರಕ್ಕೆ ಸಿಕ್ಕದ ಹಾಗೆ ಮಡಿಲಿಗೆ ಎಳೆದುಕೊಂಡಳು.

"ನಿಮ್ಮನ್ನ," ಎಂದಳು.